ಲೋಳೆಮೀನಿಗೆ ಹುಬ್ಬು ಬರೆದದ್ದು

ಅರ್ಥವಾಗದ ಮಾತಿಗೆ ‘ಹೂಂ’ ಅನ್ನುವುದು ಎಷ್ಟು ಸುಲಭವೆಂದರೆ, ಅದೂ ಒಂದು ಸುಳ್ಳು ಎಂದು ಹೊಳೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಡಾಕ್ಟರು ಹೇಳಿದ್ದಕ್ಕೆ ಹೂಂ, ಬ್ಯಾಂಕಿನವರು ಹೇಳಿದ್ದಕ್ಕೆ ಹೂಂ, ಮದುವೆಮನೆಯಲ್ಲಿ ಪಕ್ಕದ ಕುರ್ಚಿಯ ಹಲ್ಲಿಲ್ಲದ ನೆಂಟರು ಹೇಳಿದ್ದಕ್ಕೂ ಹೂಂ. ಹಾಗೆಂದರೆ ಹೇಳುವವರಿಗೂ ಸಂತೋಷ, ನಮಗೂ ಬಿಡುಗಡೆ. ಎಸ್ಸೆಸ್ಸೆಲ್ಸಿವರೆಗಿನ ನನ್ನ ಓದು ಸಾಗಿದ್ದೂ ಹೂಂಗುಟ್ಟುತ್ತಲೇ. ಆದರೆ ಈಚೆಗೆ ನನ್ನ ಒಂದು ಹೂಂನಿಂದ ಸೊಸೆ ಹತ್ತು ಜನರ ಮುಂದೆ ತಲೆ ತಗ್ಗಿಸಬೇಕಾಯಿತು. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಮ್ಮದು ಶಿಡ್ಲಘಟ್ಟ. ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವುದರಲ್ಲೇ ನನ್ನ ಆಯಸ್ಸು ಕಳೆಯಿತು. ಸೊಸೆ ಸುಜಾತ ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಂಜೆ ಬಂದು ಕಾಫಿ ಕುಡಿದ ಮೇಲೆ ಮರುದಿನದ ಪಾಠವನ್ನು ಮೊದಲು ನನಗೆ ಮಾಡುವುದು ಅವಳ ರೂಢಿ. “ನಿಮಗೆ ಅರ್ಥ ಆದ್ರೆ ಸ್ಕೂಲ್ ಮಕ್ಕಳಿಗೂ ಆಗುತ್ತೆ ಮಾವ” ಅನ್ನುತ್ತಾಳೆ. ಇದನ್ನು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಗೆ ನನ್ನ ಹೆಂಡತಿಯೇ, “ಅದು ಹೊಗಳಿಕೆ ಅಲ್ಲ ಕಣ್ರೀ, ಸುಮ್ನಿರಿ” ಎಂದಳು. ಹೊಗಳಿಕೆಯೋ ಅಲ್ಲವೋ, ದಿನದಲ್ಲಿ ನನ್ನ ಮಾತಿಗೆ ಯಾರಾದರೂ ಕಾಯುವ ಹೊತ್ತು ಅದೊಂದೇ.

ಹೀಗೆ ಒಂದು ಸಂಜೆ ಸ್ಪಂಜು, ಜೆಲ್ಲಿಫಿಶ್ ಬಂದವು. ನಾನು ಸಮುದ್ರ ನೋಡಿದವನಲ್ಲ. ನಾನು ಕಂಡ ದೊಡ್ಡ ನೀರೆಂದರೆ ಕೋಡಿ ಬಿದ್ದ ಕೆರೆ. ಸ್ಪಂಜು ಒಂದು ಪ್ರಾಣಿಯೆಂದು ಕೇಳಿಯೇ ದಂಗಾದೆ. ಕೂತ ಕಡೆ ಕೂತಿರುತ್ತದಂತೆ, ಬಾಯಿಯಿಲ್ಲ, ಮೈತುಂಬ ತೂತು. ಸಣ್ಣ ತೂತುಗಳಿಂದ ನೀರು ಎಳೆದುಕೊಂಡು, ಅದರಲ್ಲಿದ್ದ ಆಹಾರ ಸೋಸಿಕೊಂಡು, ಮೇಲಿನ ದೊಡ್ಡ ಬಾಗಿಲಿನಿಂದ ನೀರನ್ನು ಬಿಟ್ಟುಬಿಡುತ್ತದಂತೆ. ಜೆಲ್ಲಿಫಿಶ್, ಅಂದರೆ ಲೋಳೆಮೀನು, ಹೆಸರಿಗೆ ಮಾತ್ರ ಮೀನು. ಕೊಡೆಯ ಹಾಗೆ ಬಿಚ್ಚಿ ಮುಚ್ಚಿ ತೇಲುತ್ತದೆ.

“ಅದಕ್ಕೆ ಮಿದುಳಿಲ್ಲ ಮಾವ. ಹೃದಯ ಇಲ್ಲ, ರಕ್ತ ಇಲ್ಲ, ತಲೆ ಮುಖ ಏನೂ ಇಲ್ಲ. ಮೈಯೆಲ್ಲ ನರಗಳ ಬಲೆ ಇರುತ್ತೆ, ಅಷ್ಟೇ. ಅರ್ಥ ಆಯ್ತಾ?”

“ತಿಂದಿದ್ದು ಹೊರಗೆ ಹೋಗೋದು ಎಲ್ಲಿಂದ?”

“ತಿಂದ ಬಾಯಿಂದಾನೇ. ಇರೋದೊಂದೇ ದಾರಿ.”

ಇಷ್ಟು ವರ್ಷ ಹುಳು ಕಂಡವನು ನಾನು. ಒಂದು ಕಡೆ ಸೊಪ್ಪು ತಿಂದು ಇನ್ನೊಂದು ಕಡೆ ಹಿಕ್ಕೆ ಹಾಕುವ, ತಲೆಯೆತ್ತಿ ಮಲಗುವ ಹುಳು. ತಲೆಯೇ ಇಲ್ಲದ ಜೀವ ನನ್ನ ತಲೆಗೆ ಹೋಗಲಿಲ್ಲ. ಆದರೂ ಹೂಂ ಎಂದೆ.

ಆ ವಾರ ಚಿಕ್ಕಬಳ್ಳಾಪುರದಲ್ಲಿ ಟೀಚರುಗಳಿಗೇ ಒಂದು ಸ್ಪರ್ಧೆಯಿತ್ತು: ಕೈಯಾರೆ ಮಾಡಿದ ಮಾದರಿ ಇಟ್ಟುಕೊಂಡು ಪಾಠ ಮಾಡಿ ತೋರಿಸಬೇಕು. ಸುಜಾತ ನಮ್ಮ ವೇಸ್ಟ್ ರೇಷ್ಮೆಯನ್ನು ಅಂಟಿನಲ್ಲಿ ಅದ್ದಿ, ಬೋರಲು ಹಾಕಿದ ಬಟ್ಟಲಿನ ಮೇಲೆ ಒಣಗಿಸಿ ಲೋಳೆಮೀನಿನ ಕೊಡೆ ಮಾಡಿದಳು. ಕೆಳಗೆ ರೇಷ್ಮೆಯೆಳೆ ಇಳಿಬಿಟ್ಟಳು. ಒಣಗಿದ ಹೀರೇಕಾಯಿಯ ನಾರು ಸ್ಪಂಜಾಯಿತು. ಲೋಳೆಮೀನು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಭಯವಾಯಿತು. ನಮ್ಮಮ್ಮ ಹಣ್ಣಾದ ಹುಳು ಗೂಡು ಕಟ್ಟುವ ಹೊಸ ಚಂದ್ರಿಕೆಗೂ ಕಾಡಿಗೆಯ ದೃಷ್ಟಿಬೊಟ್ಟು ಇಡದೆ ಹುಳು ಬಿಟ್ಟವಳಲ್ಲ. ಹೊರಡುವ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಾಗ ಹೆಂಡತಿಯ ಕಾಡಿಗೆ ತಂದು ಕೊಡೆಯ ಮೇಲೆ ಒಂದು ಬೊಟ್ಟಿಟ್ಟೆ. ಅದು ಒಕ್ಕಣ್ಣಿನ ಹಾಗೆ ಕಂಡಿತು. ಪಾಪ ಅನಿಸಿ ಇನ್ನೊಂದು ಇಟ್ಟೆ. ಎರಡು ಕಣ್ಣಾದ ಮೇಲೆ ಹುಬ್ಬಿಲ್ಲದಿದ್ದರೆ ಹೇಗೆ? ಹುಬ್ಬು ಬರೆದ ಮೇಲೆ ಬಾಯಿ ತಾನಾಗಿಯೇ ಬಂತು. ಲೋಳೆಮೀನನ್ನು ಅದರ ಡಬ್ಬಿಯೊಳಗಿಟ್ಟು ಮುಚ್ಚಿದೆ. ಅವಳು ತೆರೆದು ನೋಡದೆ ಎತ್ತಿಕೊಂಡು ಬಸ್ಸು ಹತ್ತಿದಳು.

ಸಂಜೆ ಬಂದವಳು ಏನೂ ಹೇಳಲಿಲ್ಲ. ಪಾಠವೂ ಇಲ್ಲ. ಮರುದಿನವೂ ಇಲ್ಲ. ಕಾಫಿ ಲೋಟ ಹಿಡಿದು ಕಾದು ಕಾದು ನಾನೇ ಒಳಗೆ ಹೋದೆ. ಆಮೇಲೆ ಒಂದು ದಿನ ದಿನಸಿ ಅಂಗಡಿಯಲ್ಲಿ ಸ್ಪರ್ಧೆಗೆ ಜೊತೆಯಲ್ಲಿ ಹೋಗಿದ್ದ ಅವಳ ಶಾಲೆಯ ಮೇಷ್ಟ್ರು ಸಿಕ್ಕರು. ಚಿಂತಾಮಣಿ ಕಡೆಯವರು, ತೆಲುಗು ಬೆರೆಸಿ ಮಾತಾಡುತ್ತಾರೆ.

“ಏಮಿ ಯಜಮಾನ್ರೇ, ನಿಮ್ಮನೇಲಿ ಚಿಕ್ಕ ಮಕ್ಕಳಿದಾರಾ? ಮೇಡಂ ‘ಇದಕ್ಕೆ ತಲೆ ಇಲ್ಲ, ಮುಖ ಇಲ್ಲ’ ಅಂತ ಡಬ್ಬಿ ತೆಗೆದ್ರು. ಅದು ಹುಬ್ಬೇರಿಸ್ಕೊಂಡು ನಗ್ತಾ ಇತ್ತು. ತೀರ್ಪು ಕೊಡೋರಿಗೆ ನಗು ತಡೆಯಕ್ಕಾಗ್ಲಿಲ್ಲ. ‘ಮನೇಲಿ ಮಗು ಆಟ ಆಡಿದೆ ಸಾರ್’ ಅಂದ್ರು ಮೇಡಂ.”

ನಮ್ಮ ಮನೆಯಲ್ಲಿ ಮಕ್ಕಳಿಲ್ಲ. ಇರುವವರಲ್ಲಿ ಚಿಕ್ಕವಳು ಅವಳೇ. ಕೊಬ್ಬರಿ ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಅಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದೆ: “ಸುಜಾತಮ್ಮ, ಆ ಕಣ್ಣು ಬರೆದಿದ್ದು ನಾನು ಕಣಮ್ಮ. ತಪ್ಪಾಯ್ತು.”

“ಗೊತ್ತು ಮಾವ. ಅವತ್ತು ನಿಮ್ಮ ಬೆರಳೆಲ್ಲ ಕಾಡಿಗೆ.” ಬ್ಯಾಗು ಕೆಳಗಿಟ್ಟಳು. “ಕೆಲವು ಜಾತಿ ಜೆಲ್ಲಿಫಿಶ್‌ಗೆ ಕೊಡೆ ಅಂಚಲ್ಲಿ ಕಣ್ಣಿರುತ್ತೆ. ಹುಬ್ಬು ಯಾವ್ದಕ್ಕೂ ಇಲ್ಲ.”

“ಅದಕ್ಕೇ ಪಾಠ ನಿಲ್ಲಿಸಿದ್ಯಾ?”

ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂತಳು. “ಬಹುಮಾನ ಹೋದ್ರೆ ಹೋಗ್ಲಿ. ತಲೆ ಇಲ್ಲ ಅಂದಾಗ ನೀವು ಹೂಂ ಅಂದ್ರಿ. ಅರ್ಥ ಆಗಿರ್ಲಿಲ್ಲ ಅಲ್ವಾ? ನಿಮ್ಮ ಹೂಂ ನಂಬ್ಕೊಂಡು ನಾನು ಎಷ್ಟು ಪಾಠ ಹಾಗೇ ಮಾಡ್ಬಿಟ್ಟಿದೀನೋ. ಆಗ್ಲಿಲ್ಲ ಅನ್ನೋರು ಬೇಕಿತ್ತು ಮಾವ ನನಗೆ. ಹೂಂ ಅನ್ನೋರು ಕ್ಲಾಸ್ ತುಂಬ ಇದಾರೆ.”

ಬೈದಿದ್ದರೆ ಹಗುರವಾಗುತ್ತಿತ್ತು. ತಲೆಯೇ ಇಲ್ಲದ ಆ ಜೀವ ತನಗೆ ತಾಗಿದ್ದನ್ನು ಮೈಯೆಲ್ಲ ಅರಿಯುತ್ತದೆ. ತಲೆ ಇಟ್ಟುಕೊಂಡು ಎದುರಿಗೇ ಕೂತ ನನಗೆ ಏನೂ ತಾಗಿರಲಿಲ್ಲ. ಇನ್ನು ಮುಂದೆ ಅರ್ಥವಾಗದಿದ್ದರೆ ಆಗಲಿಲ್ಲವೆಂದೇ ಹೇಳುತ್ತೇನೆಂದು ಮಾತು ಕೊಟ್ಟೆ. ಅವಳು ಒಳಗೆ ಹೋಗಿ ಹೀರೇಕಾಯಿ ನಾರು ತಂದು ನನ್ನ ಮುಂದಿಟ್ಟು ಸ್ಪಂಜಿನಿಂದಲೇ ಮತ್ತೆ ಶುರು ಮಾಡಿದಳು. ನೀರು ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ, ನಡುವೆ ಏನು ಉಳಿಯುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಇಷ್ಟು ದಿನ ನಾನು ಅವಳ ಪಾಠವನ್ನು ಒಳಗೆ ಎಳೆದುಕೊಂಡು ಏನೂ ಸೋಸಿಕೊಳ್ಳದೆ ಹಾಗೇ ಹೊರಗೆ ಬಿಟ್ಟವನು. ಈ ಸಲ ಒಂದೊಂದು ಮಾತೂ ಒಳಗೆ ಉಳಿಯಿತು.

“ಅರ್ಥ ಆಯ್ತಾ ಮಾವ?” ಎಂದು ನನ್ನ ಮುಖವನ್ನೇ ನೋಡಿದಳು. ಚೆನ್ನಾಗಿ ಅರ್ಥವಾಗಿತ್ತು. ಆದರೆ ಹೂಂ ಅಂದರೆ ಪಾಠ ಮುಗಿದು ಅವಳು ಅಡುಗೆಮನೆಗೆ ಎದ್ದು ಹೋಗುತ್ತಾಳೆ.

“ಇಲ್ಲಮ್ಮ, ಆಗ್ಲಿಲ್ಲ. ಇನ್ನೊಂದ್ಸಲ ಹೇಳು” ಎಂದೆ.