‘ನಾವು’ ಎಂಬ ನಾನು

ಮನುಷ್ಯ ತನ್ನ ಬಗ್ಗೆ ತಾನೇ ನಾಲ್ಕು ಸಾಲು ಬರೆಯಲು ಕುಳಿತರೆ ಎಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ನನ್ನ ಸುಳ್ಳು ದೊಡ್ಡದೇನಲ್ಲ. ಒಂದೇ ಪದ: ‘ನಾವು’.

ಮೂಡಲಗಿಯಲ್ಲಿ ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವುದು ನನ್ನ ಉದ್ಯೋಗ. ಹತ್ತೊಂಬತ್ತು ವರ್ಷ ನಾನು, ದಸ್ತಗೀರ ಸೇರಿ ಈ ಆಫೀಸು ನಡೆಸಿದೆವು. ಅವನು ಮಾತಾಡುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ. ಗಿರಾಕಿಯ ಮಗಳ ಮದುವೆಯಿಂದ ಮಾತು ಶುರು ಮಾಡಿದರೆ, ಚಹಾ ಮುಗಿಯುವಷ್ಟರಲ್ಲಿ ಅವರ ಅಡುಗೆಮನೆ ಎತ್ತ ಮುಖ ಮಾಡಬೇಕೆಂದು ಅವನಿಗೆ ಗೊತ್ತಾಗಿರುತ್ತಿತ್ತು. ಎಂಟು ತಿಂಗಳ ಹಿಂದೆ ಮೊಣಕಾಲು ಕೈಕೊಟ್ಟಿತೆಂದು ಅವನು ಕೊಲ್ಹಾಪುರದ ಮಗಳ ಮನೆಗೆ ಹೋದ. ಅಂದಿನಿಂದ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, “ದಸ್ತಗೀರಸಾಹೇಬ್ರ ಇಲ್ಲೇನ್ರಿ?” ಎಂದು ಕೇಳಿ, ಚಪ್ಪಲಿ ಸಹ ಬಿಡದೆ ಹೊರಟುಹೋಗುತ್ತಿದ್ದರು.

ಗೋಕಾಕದಲ್ಲಿರುವ ತಂಗಿಯ ಮಗಳು ರೂಪಾ, “ಮಾಮಾ, ಈಗ ಮಂದಿ ಮೊದ್ಲ ಫೋನಿನ್ಯಾಗ ನೋಡ್ತಾರ, ಆಮ್ಯಾಲೆ ನಂಬ್ತಾರ. ನಿಮ್ದೊಂದ್ ಪೇಜ್ ಮಾಡ್ರಿ,” ಎಂದಳು. ಫೋಟೋ ಕಳಿಸಿದೆ. “ಇದನ್ನ ನೋಡಿದ್ರ ಮನಿ ಕಟ್ಟಸಾವ್ರಲ್ಲ, ಪೊಲೀಸ್ರು ಬರ್ತಾರ. ಸ್ವಲ್ಪ ನಗ್ರಿ,” ಎಂದಳು. ಕನ್ನಡಿಯ ಮುಂದೆ ನಿಂತು ನಕ್ಕೆ. ಬಹಳ ದಿನ ತೆರೆಯದ ಕಪಾಟಿನ ಬಾಗಿಲಿನಂತೆ ಮುಖ ಕಿರುಗುಟ್ಟಿತು. ಆಮೇಲೆ ಪರಿಚಯ. ‘ನಾನು ಮನೆಯ ನಕ್ಷೆ ಮಾಡಿಕೊಡುತ್ತೇನೆ’ ಎಂದು ಬರೆದು ನೋಡಿದರೆ, ಕೊನೆಯ ಬಸ್ಸು ತಪ್ಪಿಸಿಕೊಂಡವನು ಸ್ಟ್ಯಾಂಡಿನಲ್ಲಿ ನಿಂತಂತೆ ಕಂಡಿತು. ಅಳಿಸಿ, ‘ನಾವು ಅನುಭವಿಗಳ ತಂಡ’ ಎಂದು ಬರೆದೆ. ಓದಿ ನನಗೇ ಧೈರ್ಯ ಬಂತು.

ಹದಿನೈದು ದಿನಕ್ಕೆ ಹುಕ್ಕೇರಿಯಿಂದ ಸುಶೀಲಾಬಾಯಿ ಎಂಬ ನಿವೃತ್ತ ನರ್ಸ್ ಬಂದರು. ಇದ್ದ ಎರಡು ಕುರ್ಚಿಗಳನ್ನು ನೋಡಿ ಕೇಳಿದರು:

“ತಂಡದಾವ್ರು ಎಲ್ಲಿ ಅದಾರ್ರಿ?”

“ಚಾ ಕುಡ್ಯಾಕ ಹೋಗ್ಯಾರ್ರಿ.”

“ಬರ್ಲಿ, ಕಾಯ್ತೇನಿ. ನನಗೇನ್ ಅವಸರಿಲ್ಲ.”

ಅರ್ಧ ಗಂಟೆ ಕುಳಿತರು. ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ನಾಚಿಕೆಯ ವಿಷಯವೆಂದರೆ, ಸ್ವಲ್ಪ ಹೊತ್ತಿನ ಮೇಲೆ ಯಾರೋ ಬಂದಾರು ಎಂಬಂತೆ ನಾನೂ ನೋಡತೊಡಗಿದ್ದೆ.

“ಬಾಯಾರ, ಯಾರೂ ಬರೂದಿಲ್ರಿ,” ಎಂದೆ ಕೊನೆಗೆ. “ನಾ ಒಬ್ಬನ ಅದೇನಿ.”

ಎದ್ದು ಹೋಗುತ್ತಾರೆಂದುಕೊಂಡೆ. ಅವರು ಚೀಲದಿಂದ ಜಾಗದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. “ಚಲೋ ಆತ್ರಿ. ನಾಲ್ಕ ಮಂದಿ ಇದ್ರ, ತಪ್ಪ ಯಾರ್ದಂತ ಹುಡಕೂದ ಒಂದ್ ಕೆಲಸ. ಈಗ ನಿಮ್ಮನ್ನ ಹಿಡೀಬಹುದು.”

ಅಂದು ಸಂಜೆಯೇ ಪುಟ ತಿದ್ದಿದೆ. ‘ತಂಡ’ ಹೋಯಿತು, ‘ನಾವು’ ಹೋಯಿತು. ಮನಸ್ಸು ಹಗುರಾಯಿತು. ಮರುದಿನ ಬೆಳಗ್ಗೆ ಕೊಲ್ಹಾಪುರದಿಂದ ಫೋನು.

“ಏನಪಾ ಬಸ್ಯಾ, ‘ನಾವು’ ಅನ್ನೂದನ್ನ ತಗದಿ?” ದಸ್ತಗೀರನ ದನಿ ಸಣ್ಣದಾಗಿತ್ತು. “ದಿನಾ ಮುಂಜಾನೆ ತಗದ ಓದತಿದ್ದೆ. ನಾನೂ ಅದರಾಗ ಅದೇನಿ ಅಂತ ತಿಳ್ಕೊಂಡಿದ್ದೆ.”

ಊರಿನವರೆಲ್ಲ ನನ್ನನ್ನು ನಂಬಲೆಂದು ಕನ್ನಡಿ ನೋಡಿ ನಕ್ಕವನಿಗೆ, ಎಂಟು ತಿಂಗಳಲ್ಲಿ ಇವನಿಗೊಂದು ಫೋನು ಮಾಡಬೇಕೆಂದು ಹೊಳೆದಿರಲಿಲ್ಲ. ಮೇಜಿನ ಮೇಲಿದ್ದ ನಕ್ಷೆಯನ್ನು ಹತ್ತಿರ ಎಳೆದುಕೊಂಡು, “ಹುಕ್ಕೇರಿ ಬಾಯಾರ ಮನೀದು ಮೆಟ್ಲ ಎತ್ತಾಗ ಇಡೂದಪಾ?” ಎಂದು ಕೇಳಿಬಿಟ್ಟೆ. ಆ ಮೆಟ್ಟಿಲನ್ನು ಹಿಂದಿನ ರಾತ್ರಿಯೇ ಬರೆದು ಮುಗಿಸಿದ್ದೆ.

“ತಡಿ, ಚಷ್ಮಾ ಹಾಕ್ಕೋತೇನಿ,” ಎಂದ ದಸ್ತಗೀರ. ನಾನು ಮೆಟ್ಟಿಲನ್ನು ಮೆಲ್ಲಗೆ ಅಳಿಸತೊಡಗಿದೆ.