ನಾನು ಸಲಹೆಗಾರನಾಗಿದ್ದ ಸೊಪ್ಪಿನಂಗಡಿ

ಮಗಳು ಕೇಳಿದ್ದು ಹಾರ್ಪ್ ವಾದ್ಯ. ನಾನು ಕೊಟ್ಟಿದ್ದು ಭಾಷಣ. (ಪುರಸಭೆಯ ಗುಮಾಸ್ತನೊಬ್ಬ ಧಾರಾಳವಾಗಿ ಕೊಡಬಹುದಾದದ್ದು ಅದೊಂದೇ.)

"ನೋಡಮ್ಮಾ ಅನಾಹಿ, ಬೇಕಾದ್ದನ್ನ ಸ್ವಂತ ದುಡಿಮೆಯಿಂದ ಸಂಪಾದಿಸಬೇಕು. ನೀನೂ ತಮ್ಮನೂ ಸೇರಿ ಒಂದು ಉದ್ಯಮ ಶುರು ಮಾಡಿ. ಬಂಡವಾಳದ ಚಿಂತೆ ಬೇಡ, ನಾನಿದ್ದೀನಿ."

"ನಿಮ್ಮ ಬಂಡವಾಳ ಮದುವೆಯಾದ ವಾರಕ್ಕೇ ಬಯಲಾಯ್ತಲ್ಲ ರೀ," ಎಂದಳು ಹೆಂಡತಿ ಸುನಿಲ್ದಾ, ಮರಗೆಣಸಿನ ಸಿಪ್ಪೆ ತೆಗೆಯುತ್ತಾ.

ಹನ್ನೊಂದು ವರ್ಷದ ಅನಾಹಿ ಮಾತ್ರ ನನ್ನ ಮಾತನ್ನು ನಂಬಿಬಿಟ್ಟಳು. ಮರುದಿನವೇ ಅವಳೂ ಒಂಬತ್ತು ವರ್ಷದ ತಮ್ಮ ದೆರ್ಲಿಸನೂ ಮನೆ ಮುಂದಿನ ಮಾವಿನ ಮರದ ಕೆಳಗೆ ಮೇಜು ಹಾಕಿ, ಅಜ್ಜಿಯ ಮರದ ಒರಳನ್ನು ಅದರ ಮೇಲಿಟ್ಟರು. ನಮ್ಮ ಇತಾಗ್ವಾ ಊರಿನ ಬಿಸಿಲಿಗೆ ತೆರೆರೆ ಎಂಬ ತಣ್ಣನೆಯ ಎಲೆಚಹಾ ಹೀರದೆ ಯಾರ ಕೈಕಾಲೂ ಆಡುವುದಿಲ್ಲ. ಅದರ ನೀರಿಗೆ ಬೇಕಾದ ಸೊಪ್ಪನ್ನು ಗಿರಾಕಿಯ ಕಣ್ಣೆದುರೇ ಕುಟ್ಟಿ, ಐಸಿನ ಜೊತೆ ಅವರ ಫ್ಲಾಸ್ಕಿಗೆ ಹಾಕಿಕೊಡುವುದೇ ಇವರ ಉದ್ಯಮ.

ನಾನು ನನ್ನನ್ನೇ ಪ್ರಧಾನ ಸಲಹೆಗಾರನನ್ನಾಗಿ ನೇಮಿಸಿಕೊಂಡೆ. (ಅರ್ಜಿ ಹಾಕಿದವನೂ ನಾನೇ, ಸಂದರ್ಶನ ಮಾಡಿದವನೂ ನಾನೇ. ಪೈಪೋಟಿ ಇರಲಿಲ್ಲ.) ಅನಾಹಿಯದೋ ಬಲು ನಿಧಾನ. "ತಲೆನೋವಾ? ಹೊಟ್ಟೆ ಉರಿಯಾ? ನಿದ್ದೆ ಬಂತಾ?" ಎಂದು ವಿಚಾರಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಸೊಪ್ಪು ಆರಿಸುತ್ತಿದ್ದಳು.

"ಹೀಗೆ ಕುಶಲೋಪರಿ ಮಾಡ್ತಾ ಕೂತ್ರೆ ವ್ಯಾಪಾರ ಉದ್ಧಾರ ಆಗುತ್ತಾ? ಎಲ್ಲರಿಗೂ ಒಂದೇ ಮಿಶ್ರಣ ಮಾಡಿಡು."

"ಬೇಡಪ್ಪಾ. ಅಜ್ಜಿ ಹಾಗೆ ಹೇಳಿಕೊಟ್ಟಿಲ್ಲ."

ಶನಿವಾರ ಬೆಳಿಗ್ಗೆ ಮಕ್ಕಳು ಐಸ್ ತರಲು ಹೋದಾಗ ನಾನೇ ಒರಳಿಗೆ ಕೈ ಹಾಕಿದೆ. ಪುದೀನ ಒಂದು ಹಿಡಿ, ನಿಂಬೆಹುಲ್ಲು ಒಂದು ಹಿಡಿ. ಕುದುರೆಬಾಲದ ಸೊಪ್ಪು ಹಿತ್ತಲಲ್ಲಿ ದಂಡಿಯಾಗಿತ್ತು, ಅದು ನಾಲ್ಕು ಹಿಡಿ. ಡಬ್ಬಿಗೆ ತುಂಬಿ 'ಸೇನಾಪತಿ ಮಿಶ್ರಣ' ಎಂದು ಚೀಟಿ ಅಂಟಿಸಿ ಸ್ನಾನಕ್ಕೆ ಹೋದೆ. ದೆರ್ಲಿಸ್ ಆ ಗತ್ತಿನ ಹೆಸರಿಗೆ ಮರುಳಾಗಿ, ಅವಸರದಲ್ಲಿದ್ದ ಬಸ್ ಚಾಲಕ ಡಾನ್ ಪಾಂಫಿಲೊನ (ಡಾನ್ ಎಂದರೆ ನಮ್ಮಲ್ಲಿ ಬರೀ 'ಶ್ರೀಮಾನ್') ಫ್ಲಾಸ್ಕಿಗೆ ಸೇನಾಪತಿಯನ್ನು ಧಾರಾಳವಾಗಿ ಇಳಿಸಿದ.

ಕುದುರೆಬಾಲ ಮೂತ್ರ ಇಳಿಸುವ ಸೊಪ್ಪು ಎಂಬುದು ನನಗೆ ತಿಳಿದದ್ದು ಹನ್ನೊಂದು ಗಂಟೆಗೆ, ಬೀದಿಯಲ್ಲಿ ಕೇಳಿದ ಗರ್ಜನೆಯಿಂದ.

"ನಲವತ್ತು ಜನರನ್ನ ಬಸ್ಸಲ್ಲಿ ಕೂರಿಸಿ ನಾಲ್ಕು ಸಲ ಪೊದೆ ಹುಡುಕ್ಕೊಂಡು ಓಡಿದೀನಿ! ನಾಲ್ಕನೇ ಸಲ ಅವರೆಲ್ಲ ಚಪ್ಪಾಳೆ ಹೊಡೆದ್ರು! ಮುಚ್ಚಿ ಈ ಅಂಗಡಿ!"

ನಾನು ಧೈರ್ಯವಾಗಿ ಬಾಗಿಲ ಪರದೆಯ ಹಿಂದೆ ನಿಂತೆ.

"ಹೋಗ್ರೀ, ಮಕ್ಕಳು ಬೈಸ್ಕೋತಿದಾರೆ," ಎಂದು ಹೆಂಡತಿ ತಿವಿದಳು.

"ತಡಿಯೇ. ಸಲಹೆಗಾರರು ಹಾಗೆಲ್ಲ ಮುಂದೆ ಬರಬಾರದು."

ದೆರ್ಲಿಸನ ಕಣ್ಣಲ್ಲಿ ನೀರು. ಅನಾಹಿ ಅವನನ್ನು ಹಿಂದಕ್ಕೆ ಸರಿಸಿ ಮುಂದೆ ಬಂದಳು. ನನ್ನತ್ತ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ.

"ಅಂಗಡಿ ನಮ್ಮದು ಡಾನ್ ಪಾಂಫಿಲೊ, ತಪ್ಪೂ ನಮ್ಮದೇ. ನಿಮ್ಮನ್ನ ಏನೂ ಕೇಳದೆ ಕೊಟ್ಟುಬಿಟ್ವಿ. ಕೂತ್ಕೊಳ್ಳಿ. ಹೊಟ್ಟೆ ನೋಯ್ತಿದೆಯಾ?"

ಡಬ್ಬಿಯನ್ನು ಅವನೆದುರೇ ಚರಂಡಿಗೆ ಸುರಿದು, ಒರಳು ತೊಳೆದು, ಬರೀ ಪುದೀನ ಕುಟ್ಟಿಕೊಟ್ಟಳು. ಆ ದೈತ್ಯ ಪುಟ್ಟ ಸ್ಟೂಲಿನ ಮೇಲೆ ಕೂತು, ಸೊಂಟನೋವಿನಿಂದ ಹಿಡಿದು ಅತ್ತೆಯ ಕಾಟದವರೆಗೆ ಎಲ್ಲವನ್ನೂ ಅವಳಿಗೆ ಹೇಳಿಕೊಂಡ.

"ನನ್ನ ಮಗಳು!" ಎಂದೆ.

"ನನ್ನ ಮಗಳು," ಎಂದಳು ಸುನಿಲ್ದಾ, ಕಣ್ಣೊರೆಸಿಕೊಳ್ಳುತ್ತಾ. "ಪರದೆ ಹಿಂದೆ ಅಡಗಿದ್ದಿದ್ರೆ ನಿಮ್ಮ ಮಗಳು ಅನ್ನಬಹುದಿತ್ತು."

ಮುಂದಿನ ಶನಿವಾರ ಪಾಂಫಿಲೊ ಇನ್ನೂ ಮೂವರು ಚಾಲಕರನ್ನು ಕರೆತಂದ. ಅವರ ಹಿಂದೆ ಹಾರ್ಪ್ ಮಾಡುವ ಬಡಗಿಯೂ ನಿಂತಿದ್ದ. ಎದೆಯುಬ್ಬಿಸಿಕೊಂಡು ನಾನೂ ನನ್ನ ಫ್ಲಾಸ್ಕ್ ಹಿಡಿದು ನೇರವಾಗಿ ಮೇಜಿಗೇ ಹೋದೆ.

"ಸಾಲಲ್ಲಿ ಬನ್ನಿ," ಎಂದ ದೆರ್ಲಿಸ್, ತಲೆಯೆತ್ತದೆ.

ಸಾಲಿಗೆ ಹೋದೆ. ಆಗ ಮೇಜಿನ ಬಳಿಯಿದ್ದ ಪಾಂಫಿಲೊ ಕೇಳಿದ: "ಅದಿರ್ಲಿ ಮರೀ, ಅವತ್ತು ಆ ಮಿಶ್ರಣ ಕುಟ್ಟಿದ ಪುಣ್ಯಾತ್ಮ ಯಾರು?"

ಅನಾಹಿ ಒಮ್ಮೆ ನನ್ನತ್ತ ನೋಡಿ, ಮತ್ತೆ ಕುಟ್ಟತೊಡಗಿದಳು.

"ಒಬ್ಬರು ಸಲಹೆಗಾರರಿದ್ರು. ಅವತ್ತೇ ಕೆಲಸದಿಂದ ತೆಗೆದ್ವಿ."

ನನಗೆ ಸುದ್ದಿ ತಲುಪಿದ್ದು ಆಗಲೇ.

"ಒಳ್ಳೇ ಕೆಲಸ ಮಾಡಿದ್ರಿ," ಎಂದು ಪಾಂಫಿಲೊ ನನ್ನತ್ತ ತಿರುಗಿದ. "ಏನಂತೀರಿ ಸ್ವಾಮಿ?"

"ಅಂಥವರನ್ನ ಹತ್ತಿರಾನೂ ಸೇರಿಸಬಾರದು," ಎಂದೆ. ಹೆಮ್ಮೆಯಿಂದ ನನ್ನ ದನಿ ನಡುಗುತ್ತಿತ್ತು.