ಮಾವನ ಎಣ್ಣೆ ಮೀಟರು

ನಮ್ಮ ಸೋದರಮಾವನಿಗೆ ತನ್ನ ಮದುವೆಯಾದ ತಾರೀಖು ನೆನಪಿಲ್ಲ. ಆದರೆ ಅವನ ಕಾರಿನ ಇಂಜಿನ್ ಎಣ್ಣೆ ಎಷ್ಟು ಬಿಸಿಯಿತ್ತು ಎಂದು ಗಾಢ ನಿದ್ದೆಯಲ್ಲಿ ಕೇಳಿ ನೋಡಿ, ಮಗ್ಗುಲು ಬದಲಿಸದೆ ಹೇಳುತ್ತಾನೆ!

ಸಿಂಧಘಟ್ಟದಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನುಷ್ಯ. ಹಸುಗಳ ಜ್ವರ ನೋಡಿ ನೋಡಿ ಅಭ್ಯಾಸವಾಯಿತೋ ಏನೋ, ಹಳೇ ಕಾರು ಕೊಂಡವನೇ ಎಣ್ಣೆಯ ಬಿಸಿ ತೋರಿಸಲೆಂದೇ ಬೇರೆ ಮೀಟರು ಹಾಕಿಸಿದ. ಬಿಸಿ ತೋರಿಸುವ ಮುಳ್ಳು ಕಾರಿನಲ್ಲಿ ಆಗಲೇ ಒಂದು ಇದೆಯಲ್ಲ ಎಂದರೆ ಅವನಿಗೆ ನನ್ನ ಮೇಲೆ ಕನಿಕರ.

"ಅದು ನೀರಿಂದು ಕಣವ್ವ. ನೀರು ಬಿರ್ರನೆ ಕಾಯ್ತದೆ, ಎಣ್ಣೆ ನಿಧಾನ. ತೊಂಬತ್ತರಿಂದ ನೂರಹತ್ತು ಡಿಗ್ರಿ ಇದ್ರೆ ಆರಾಮಾಗದೆ ಅಂತ. ಕಮ್ಮಿ ಇದ್ರೆ ಇನ್ನೂ ಎದ್ದಿಲ್ಲ ಅಂತ. ನಿದ್ದೆಗಣ್ಣಲ್ಲಿರೋರ್ನ ಯಾರಾದ್ರೂ ಓಡುಸ್ತಾರಾ?"

"ನೂರಿಪ್ಪತ್ತು ದಾಟಿದ್ರೆ?"

"ನಿಲ್ಸಿ ಕೈ ಮುಗೀಬೇಕು!"

ಹಾಗಾಗಿ ಬೆಳಿಗ್ಗೆ ಹೊರಟರೆ ಶೀಳನೆರೆಯವರೆಗೂ ನಮ್ಮದು ತೇಲುವ ಪಯಣ. ಮಂಜಿನೊಳಗೆ ಕಬ್ಬಿನ ಗದ್ದೆಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು, ಆಲೆಮನೆಯ ಬೆಲ್ಲದ ವಾಸನೆ ಒಳಗೆ ಬಂದು ಕೂರುತ್ತಿತ್ತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿತ್ತು. ಮಾವನಿಗೇನು, ಅರವತ್ತೆಂಟು, ಎಪ್ಪತ್ತು ಎಂದು ಜಪ ಮಾಡುತ್ತಿದ್ದ.

ಒಮ್ಮೆ ನಾಗಮಂಗಲದಿಂದ ಆರು ಜನ, ಎರಡು ಮೂಟೆ ತೆಂಗಿನಕಾಯಿ ತುಂಬಿಕೊಂಡು ಬರುವಾಗ ಮೀಟರು ನೂರಿಪ್ಪತ್ತೊಂದು ತೋರಿಸಿತು. ಎಲ್ಲರನ್ನೂ ಹೊಂಗೆ ಮರದಡಿ ಇಳಿಸಿದ. ಅತ್ತೆಗೆ ರೇಗಿಹೋಯಿತು.

"ನಂಗೆ ಜ್ವರ ಬಂದಾಗ ಒಂದಿನ ಅಣೆ ಮುಟ್ಟಿ ನೋಡಿದ್ದೀರಾ?"

"ನೀನು ಬಾಯ್ಬುಟ್ಟು ಏಳ್ತೀಯಲ್ಲ. ಪಾಪ, ಅದು ಏಳ್ತದಾ?"

ಅತ್ತೆ ಅಲ್ಲಿಂದ ಬಸ್ಸಿನಲ್ಲಿ ಬಂದರು. ನಮಗಿಂತ ಒಂದು ಗಂಟೆ ಮುಂಚೆ!

ಇಂಥವನ ಕಾರಿನಲ್ಲಿ ನನ್ನನ್ನು ಗಂಡನ ಮನೆಗೆ ಕಳಿಸುವುದೆಂದು ಯಾರು ತೀರ್ಮಾನಿಸಿದರೋ ದೇವರೇ ಬಲ್ಲ. ಭಾನುವಾರ ಕೆ.ಆರ್. ಪೇಟೆಯಲ್ಲಿ ಧಾರೆ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಶ್ರೀರಂಗಪಟ್ಟಣದಲ್ಲಿ ಹೊಸ್ತಿಲು ತುಳಿಯಲೇಬೇಕೆಂದು ನನ್ನ ಗಂಡನ ತಾಯಿ, ನಮ್ಮತ್ತೆಮ್ಮ, ಕಟ್ಟುನಿಟ್ಟಾಗಿ ಹೇಳಿ ಮುಂದೆ ಹೋಗಿದ್ದರು. ಕಳಿಸಿಕೊಡುವಾಗ ಅವ್ವನ ಕೈ ಬಿಡಲಾಗದೆ ನಿಂತಿದ್ದೆ. ಅಳಲು ಬಾಯಿ ತೆರೆದೆ, ಫೋಟೋದವನು "ಮೇಕಪ್ಪು, ಮೇಕಪ್ಪು!" ಎಂದು ಕೂಗಿದ. ನುಂಗಿಕೊಂಡು ಕಾರು ಹತ್ತಿದೆ. ನನ್ನ ಗಂಡ ಪೇಟ ಸಮೇತ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಮುಂದೆ ಕೂತ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ.

ಪಾಂಡವಪುರ ದಾಟಿ ನಾಲೆಯ ಏರಿ ಬಂದದ್ದೇ ಮಾವ ಗಕ್ಕನೆ ಕಾರು ನಿಲ್ಲಿಸಿದ.

"ಎಣ್ಣೆ ಕಾದ್ಬುಟ್ಟದೆ. ಇಳ್ದು ಒಸಿ ಗಾಳಿಗೆ ಕೂತ್ಕೊ ಓಗವ್ವ."

ಬಾನೆಟ್ಟು ಎತ್ತಿ, ನನಗೆ ಬೆನ್ನು ಹಾಕಿ ನಿಂತ. ನಾಲೆಯ ನೀರು ಬಿಸಿಲನ್ನು ಹೊತ್ತುಕೊಂಡು ಸದ್ದಿಲ್ಲದೆ ಹೋಗುತ್ತಿತ್ತು. ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎಷ್ಟು ಹೊತ್ತೋ! ಅಷ್ಟರಲ್ಲಿ ಮಾವನಿಗೆ ನಮ್ಮತ್ತೆಮ್ಮನ ಫೋನು ಬಂತು. "ತಪ್ಪು ನಂದೇ ಕಣಮ್ಮ, ಎಣ್ಣೆ ಕಾದದೆ" ಎನ್ನುವುದು ಕೇಳಿಸಿತು.

ಎದ್ದು ಬಂದು ನೀರಿನ ಬಾಟಲಿ ತೆಗೆಯಲು ಒಳಗೆ ಬಗ್ಗಿದೆ. ಕಾರಿನ ಕೀಲಿ ತಿರುಗಿಸಿದಂತೆಯೇ ಇತ್ತು, ಮೀಟರು ಉರಿಯುತ್ತಿತ್ತು. ತೊಂಬತ್ತಾರು.

"ಮಾವ, ತೊಂಬತ್ತಾರೇ ಇರೋದು."

"ಸುಮ್ಕಿರವ್ವ," ಎಂದ, ಮುಖ ತಿರುಗಿಸದೆ. "ಇನ್ನೊಸಿ ಒತ್ತು ಆಗ್ಲಿ."

ನಾವು ಮುಟ್ಟುವ ಹೊತ್ತಿಗೆ ರಾಹುಕಾಲ ಶುರುವಾಗಿತ್ತು. ಆರು ಗಂಟೆಯವರೆಗೆ ಎಲ್ಲರೂ ಬಾಗಿಲಲ್ಲೇ ಕಾಯಬೇಕಾಯಿತು. ನಮ್ಮತ್ತೆಮ್ಮ ಬೀಗರೆಂಬುದನ್ನೂ ನೋಡದೆ ಬೈದರು. ತನ್ನ ಕಾರಿನ ಬಗ್ಗೆ ಯಾರು ಒಂದು ಮಾತಾಡಿದರೂ ಜಗಳಕ್ಕೆ ನಿಲ್ಲುವವನು ಆ ದಿನ ತಲೆ ಬಗ್ಗಿಸಿ, "ಡಕೋಟ ಗಾಡಿ ಕಣಮ್ಮ ನಂದು, ಎಣ್ಣೆ ಸುಮ್ಸುಮ್ನೆ ಕಾದ್ಬುಡ್ತದೆ" ಎಂದುಬಿಟ್ಟ.